ಕೋಲಜ್ಜಿಯ ಎಂಟನೇ ಜಾಗ

"ಈ ಲಿಸ್ಟ್ ಬರೆದೋರು ಯಾರ್ರೀ? ಒಂದ್ಸಲಾನಾದ್ರೂ ಆಟ ಆಡಿದ್ದಾರಾ?"

ನಂಜನಗೂಡಿನ ನಮ್ಮ ಮಾವನ ವಿಡಿಯೋ ಗೇಮ್ ಅಂಗಡಿಯೊಳಗೆ ಕಾಲಿಟ್ಟು ಅವನು ಆಡಿದ ಮೊದಲ ಮಾತೇ ಇದು. ನನಗೆ ಮೈಯೆಲ್ಲ ಉರಿಯಿತು. ಬರೆದವಳು ನಾನೇ.

ಇದು ೨೦೦೨ರ ಮಾತು. ಮಾವ ಶಿವಮೂರ್ತಿ ಮೂರು ಮೆಷಿನ್ ಇಟ್ಟಿದ್ದ. ಜನ ಮುಗಿಬೀಳುತ್ತಿದ್ದದ್ದು 'ಥಂಡರ್ ರಿಂಗ್ ಪಾರ್ಟ್ ಟು' ಎಂಬ ಹೊಡೆದಾಟದ ಆಟಕ್ಕೆ. ಅದರಲ್ಲಿ ಎಂಟು ಜನ ಫೈಟರ್‌ಗಳು. ಯಾರು ಹೆಚ್ಚು ಸ್ಟ್ರಾಂಗ್ ಎಂದು ದಿನಾ ಜಗಳ. ಡಿಗ್ರಿ ಮುಗಿಸಿ ಕೌಂಟರ್‌ನಲ್ಲಿ ಕೂತಿದ್ದ ನಾನು, ಯಾರು ಯಾರನ್ನು ಎಷ್ಟು ಸಲ ಸೋಲಿಸಿದರೆಂದು ವಾರವಿಡೀ ಗೀಟು ಹಾಕಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಮೊದಲನೇ ಜಾಗ ಗೂಳಿಗೆ, ಎಂಟನೆಯದು ಕೋಲು ಹಿಡಿದ ಮುದುಕಿ ಕೋಲಜ್ಜಿಗೆ. ಆ ಹೆಸರುಗಳೆಲ್ಲ ನಮ್ಮ ಗಿರಾಕಿಗಳು ಇಟ್ಟವು. ಪಟ್ಟಿ ಮಾತ್ರ ನನ್ನದು, ಯಾರ ಮುಲಾಜೂ ನೋಡದೆ ಬರೆದದ್ದು.

"ಅಜ್ಜಿ ಹತ್ತೇಟು ಹೊಡೆದ್ರೂ ಗೂಳಿಗೆ ಏನೂ ಆಗಲ್ಲ. ಗೂಳಿ ಒಂದೇಟು ಕೊಟ್ರೆ ಅಜ್ಜಿ ಲೈಫ್ ಅರ್ಧ ಖಾಲಿ. ಕಂಪ್ನಿಯೋರೇ ಹಂಗ್ ಮಾಡವ್ರೆ. ನನ್ನೇನ್ ಕೇಳ್ತೀರಿ?" ಎಂದೆ.

"ಗೂಳಿ ಕೈ ಬೀಸಿದ್ಮೇಲೆ ಒಂದ್ ಗಳಿಗೆ ಹಂಗೇ ನಿಂತ್ಬಿಡ್ತಾನೆ ಕಣ್ರೀ. ಆಗ ಅಜ್ಜಿ ಕೋಲಿಗೆ ಅವನ ಕಾಲು ಸಿಗುತ್ತೆ. ಕಾಯೋ ತಾಳ್ಮೆ ಇರ್ಬೇಕು ಅಷ್ಟೆ."

"ಬಾಯಲ್ಲಿ ಬೇಡ, ಆಡಿ ತೋರ್ಸಿ. ಗೂಳಿ ನಾನೇ ಆಡ್ತೀನಿ."

ಸೋತೆ. ಅದೂ ಗಿರಾಕಿಗಳೆಲ್ಲ ನೋಡುತ್ತಿದ್ದಾಗ! ಅವನು ಮಾತ್ರ ಪರದೆ ಬಿಟ್ಟು ನನ್ನ ಮುಖ ನೋಡಿ, ನಗು ತಡೆಯಲು ತುಟಿ ಕಚ್ಚಿಕೊಂಡ. ಆ ತುಟಿಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಹೆಸರು ಜಗನ್. ನರಸೀಪುರದ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಪ್ರತಿ ಗುರುವಾರ ಫಿಲ್ಮ್ ರೋಲ್‌ಗಳನ್ನು ನಮ್ಮೂರಿನ ಕಲರ್ ಲ್ಯಾಬಿಗೆ ತರುತ್ತಿದ್ದ. ಪ್ರಿಂಟ್ ಆಗಲು ಎರಡು ಗಂಟೆ, ಅಷ್ಟು ಹೊತ್ತು ನಮ್ಮ ಅಂಗಡಿಯಲ್ಲಿ. ನಾನು ಒಂದು ಕರಾರು ಹಾಕಿದೆ: ಗುರುವಾರಕ್ಕೆ ಒಂದೇ ಆಟ, ಅವನು ಗೆದ್ದರೆ ಅಜ್ಜಿ ಒಂದು ಜಾಗ ಮೇಲೆ, ಒಂದನೇ ಜಾಗ ಮುಟ್ಟಿದ ದಿನ ಪಂದ್ಯ ಮುಗಿಯಿತು.

ಒಂದು ಮೆಷಿನ್ ಮುಂದೆ ಇಬ್ಬರು ನಿಂತರೆ ಮೊಣಕೈ ತಾಗದೆ ಇರುವುದಿಲ್ಲ. ಮೊದಮೊದಲು "ಸಾರಿ" ಎನ್ನುತ್ತಿದ್ದ. ಆಮೇಲೆ ಇಬ್ಬರೂ ಹೇಳುವುದನ್ನು ಬಿಟ್ಟೆವು. ಅವನ ಬೆರಳಿಗೆ ಅಂಟಿದ್ದ ಸ್ಟುಡಿಯೋದ ಕೆಮಿಕಲ್ ವಾಸನೆ ಶುಕ್ರವಾರವೂ ಮೂಗಿನಲ್ಲೇ ಇರುತ್ತಿತ್ತು.

"ರೋಜಾ ಅವ್ರೇ, ಇವತ್ತು ಕೈಗೆ ಮೆಹಂದಿ ಹಾಕಿದೀರ. ನಂಗೆ ಆಟದ ಕಡೆ ಗಮನಾನೇ ಹೋಗ್ತಿಲ್ಲ."

"ಸೋಲೋಕೆ ನೆಪ ಬೇರೆ!"

ಆದರೆ ಅವನು ಸೋಲುತ್ತಿದ್ದುದು ಅಪರೂಪ. ಅಜ್ಜಿ ಮೂರನೇ ಜಾಗಕ್ಕೆ ಬಂದ ದಿನ ನನಗೆ ಊಟ ಸೇರಲಿಲ್ಲ. ಇನ್ನೆರಡು ಗುರುವಾರ, ಆಮೇಲೆ ಇವನು ಯಾಕೆ ಬರುತ್ತಾನೆ?

ಬುಧವಾರ ಸಂಜೆ ಅಂಗಡಿ ಖಾಲಿಯಾದಾಗ ಪಟ್ಟಿಯಲ್ಲಿ ಅಜ್ಜಿಯನ್ನು ಐದನೇ ಜಾಗಕ್ಕೆ ಇಳಿಸಿದೆ.

"ಮತ್ತೆ ಇಳಿದವ್ಳೆ?" ಎಂದ ಮಾರನೇ ದಿನ.

"ವಾರ ಪೂರ್ತಿ ಎಲ್ರೂ ಅಜ್ಜೀನ ಹಿಡ್ಕೊಂಡು ಸೋತ್ರು. ನಾನೇನ್ ಮಾಡ್ಲಿ?"

ಆ ವಾರ ಅಜ್ಜಿಯನ್ನು ಯಾರೂ ಮುಟ್ಟಿಯೂ ಇರಲಿಲ್ಲ. ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ, ಆಡಲು ನಿಂತ. ಹೀಗೇ ತಿಂಗಳುಗಟ್ಟಲೆ ಅವನು ಹತ್ತಿಸುವುದು, ನಾನು ಇಳಿಸುವುದು ನಡೆಯಿತು.

ಅಷ್ಟರಲ್ಲಿ ಮಾವ ಪಾರ್ಟ್ ತ್ರೀ ತಂದು ಹಾಕಿಸಿದ. ಗೂಳಿಯ ಬಲ ಕಮ್ಮಿ ಮಾಡಿ ಎಲ್ಲರನ್ನೂ ಸಮ ಮಾಡಿದ್ದರು. ಕೋಲಜ್ಜಿಯನ್ನು ಕಂಪನಿಯವರು ತೆಗೆದೇ ಹಾಕಿದ್ದರು. ಹಳೇ ಪಟ್ಟಿ ಇನ್ಯಾಕೆ ಎಂದು ಮಾವ ಹರಿದೆಸೆದ.

ಗುರುವಾರ ಜಗನ್ ಬಂದು ಖಾಲಿ ಗೋಡೆ ನೋಡಿದ.

"ಅಜ್ಜಿ?"

"ಇದ್ರಲ್ಲಿ ಇಲ್ಲ."

"ಓ," ಎಂದ. ಮಾವ ಪಕ್ಕದಲ್ಲೇ ಇದ್ದ, ನಾನು ಚಿಲ್ಲರೆ ಎಣಿಸುತ್ತ ಕೂತೆ. "ಬತ್ತೀನಿ" ಎಂದು ಹೊರಟವನು ಮೂರು ಗುರುವಾರ ಬರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಜೀವ ಎದ್ದು ನಿಲ್ಲುತ್ತಿತ್ತು. ಇದೇನು ಕರ್ಮ ಎಂದು ನನ್ನನ್ನೇ ಬೈದುಕೊಂಡೆ. ನಾಲ್ಕನೇ ಗುರುವಾರ ನನಗೆ ತಲೆನೋವೆಂದು ಮಾವನ ಹತ್ತಿರ ಹೇಳಿ ನರಸೀಪುರದ ಬಸ್ ಹತ್ತಿದೆ.

ಸ್ಟುಡಿಯೋ ಓನರ್ ಚಿಕ್ಕಬಸಪ್ಪ ಒಂದು ಸಂಸಾರವನ್ನು ಬೆಂಚಿನ ಮೇಲೆ ಕೂರಿಸಿ ಫೋಟೋಗೆ ಸಿದ್ಧ ಮಾಡುತ್ತಿದ್ದರು.

"ಜಗನ್ ನಂಜನಗೂಡಿನ ಲ್ಯಾಬಿಗೆ ಬರ್ತಿದ್ರಲ್ಲ, ಈಗ ಯಾಕೆ ಬರ್ತಿಲ್ಲ ಸಾ?"

"ಲ್ಯಾಬಾ? ಪ್ರಿಂಟ್ ಮೆಷಿನ್ ನಮ್ಮೂರ್ಗೇ ಬಂದು ನಾಕ್ ತಿಂಗ್ಳಾಯ್ತು ಕಣವ್ವ. ಇವ್ನು ಗುರುವಾರ ಗುರುವಾರ ರಜ ಆಕ್ಕೊಂಡು ಓಯ್ತಿದ್ದ. ನಂಜುಂಡಪ್ಪನ ಅರಕೆಯೇನೋ ಅನ್ಕಂಡಿದ್ದೆ."

ಒಳಗಿನಿಂದ ಲೈಟ್ ಸ್ಟ್ಯಾಂಡ್ ಹೊತ್ತು ಬಂದ ಜಗನ್ ನನ್ನನ್ನು ಕಂಡು ಅಲ್ಲೇ ನಿಂತ. ಮುಖ ಕೆಂಪಾಯಿತು. ಸ್ಟ್ಯಾಂಡ್ ಇಳಿಸಿ ನನ್ನನ್ನು ಜಗಲಿಗೆ ಕರೆದುಕೊಂಡು ಬಂದ.

"ಅಜ್ಜೀನ ಇಳಿಸ್ತಿದ್ದೋಳು ನಾನೇ," ಎಂದೆ.

"ಗೊತ್ತು. ನಾನು ಗೆಲ್ಲೋದು ನಿಮಗೆ ಇಷ್ಟ ಇಲ್ಲ, ದೂರಾನೇ ಇಡ್ತಿದೀರ ಅಂತ ಅರ್ಥ ಆಗಿತ್ತು. ಮನಸು ಕೇಳ್ದೆ ಬತ್ತಿದ್ದೆ. ಅಜ್ಜೀನೇ ಇಲ್ಲ ಅಂದ್ಮೇಲೆ ಯಾವ್ ಮುಖ ಇಟ್ಕೊಂಡ್ ಬರ್ಲಿ?"

"ಅಯ್ಯೋ ನನ್ ಪೆದ್ದಪ್ಪ! ಅಜ್ಜಿ ಮೇಲೆ ಹೋದ್ರೆ ನೀವು ಬರೋದು ನಿಂತೋಗುತ್ತೆ ಅಂತ ಇಳಿಸ್ತಿದ್ದೆ ಕಣ್ರೀ! ನೀವಿಲ್ದೆ ನಂಗೆ ಆಗಲ್ಲ!"

ಒಳಗಿದ್ದ ಸಂಸಾರ ಪೂರ್ತಿ ನಮ್ಮ ಕಡೆ ತಿರುಗಿತು. "ಒಸಿ ಮೆಲ್ಲಗ್ ಮಾತಾಡ್ರಪ್ಪ, ಫೋಟೋಗ್ ಕೂತವ್ರೆ," ಎಂದರು ಚಿಕ್ಕಬಸಪ್ಪ.

ಜಗನ್‌ನ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. "ಮುಂದಿನ್ ಗುರುವಾರ ಬತ್ತೀನಿ."

"ಗುರುವಾರ ಬೇಡ. ಭಾನುವಾರ ಬನ್ನಿ. ಅಂಗಡಿಗಲ್ಲ, ಮನೆಗೆ. ಅವ್ವ ಇರ್ತಾಳೆ."

"ಅವ್ವ ಏನ್ ಬಂದ್ರಿ ಅಂತ ಕೇಳಿದ್ರೆ?"

"ರೋಜಾನ ಕೇಳೋಕೆ ಬಂದೆ ಅನ್ನಿ."

ಅವನು ನನ್ನ ಕೈ ಹಿಡಿದುಕೊಂಡ. ನಂಜನಗೂಡಿನ ಎರಡು ಬಸ್ ಬಂದು ಹೋದವು, ನಾನು ಹತ್ತಲಿಲ್ಲ.