ಸತ್ತವರ ಪಾಲಿನ ಗೋಧಿ

ಸೋಮವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ವ್ರಾತ್ಸಾ ಠಾಣೆಗೆ ಒಂದು ದೂರು ಬಂತು. ದೂರುದಾರರು ಪ್ರೊಫೆಸರ್ ಅಸೆನ್ ಬೊಝುರೊವ್, ಊರಂಚಿನ ಮೂತ್ರಪಿಂಡ ಸಂಶೋಧನಾ ಕೇಂದ್ರದ ನಿರ್ದೇಶಕರು. ಕಳುವಾದದ್ದು ರಕ್ತ.

"ಏನಂದ್ರಿ?" ಇನ್ಸ್‌ಪೆಕ್ಟರ್ ವೆನೆಲಿನ್ ತ್ಸಾಕೊವ್ ಕಾಫಿ ಲೋಟ ಕೆಳಗಿಟ್ಟ. ಅವನು ತಾಮ್ರದ ತಂತಿ ಕದ್ದವರನ್ನು ಹಿಡಿದಿದ್ದ, ಕುರಿ ಕದ್ದವರನ್ನು ಹಿಡಿದಿದ್ದ, ಒಮ್ಮೆ ಚರ್ಚಿನ ಗಂಟೆಯನ್ನೇ ಇಳಿಸಿಕೊಂಡು ಹೋದವರನ್ನೂ ಹಿಡಿದಿದ್ದ. ರಕ್ತ ಕದ್ದವರನ್ನು ಮಾತ್ರ ಕಂಡಿರಲಿಲ್ಲ.

"ರಕ್ತದ ಸೀಸೆಗಳು. ಮೂವತ್ತೇಳು. ಶುಕ್ರವಾರ ಫ್ರೀಜರಿನಲ್ಲಿದ್ದವು, ಇವತ್ತು ಇಲ್ಲ."

"ಯಾರ ರಕ್ತ?"

"ಕಾಮೆನ್ ದೋಲ್ ಹಳ್ಳಿಯವರದ್ದು."

ಪಕ್ಕದ ಮೇಜಿನಲ್ಲಿ ಎಫ್‌ಐಆರ್ ಟೈಪು ಮಾಡುತ್ತಿದ್ದ ಕಾನ್‌ಸ್ಟೇಬಲ್ ಇಲ್ಕೊನ ಕೈ ಗಕ್ಕನೆ ನಿಂತಿತು. ಅದು ಅವನ ಹಳ್ಳಿ.

ಕಾಮೆನ್ ದೋಲ್ ಎಂದರೆ ಆ ಸೀಮೆಯಲ್ಲಿ ಎಲ್ಲರೂ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಅಲ್ಲಿನವರಿಗೆ ಐವತ್ತರ ಆಸುಪಾಸಿನಲ್ಲಿ ಅಂಗೈ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಮೂತ್ರಪಿಂಡ ಸೋಲುತ್ತದೆ. ಆಮೇಲೆ ಚರ್ಚಿನ ಸಾವಿನ ಗಂಟೆ. ಎಲ್ಲರಿಗೂ ಬರುವುದಿಲ್ಲ. ಅಣ್ಣನಿಗೆ ಬಂದು ತಮ್ಮ ತೊಂಬತ್ತು ದಾಟಿದ್ದುಂಟು. ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳುವ ಒಂದು ಪರೀಕ್ಷೆಗಾಗಿ ಈ ಕೇಂದ್ರ ಹನ್ನೆರಡು ವರ್ಷದಿಂದ ಹೆಣಗುತ್ತಿತ್ತು. ಇಲ್ಕೊನ ಅಪ್ಪ ಮೆಟೊಡಿ ಇದೇ ರೋಗದಲ್ಲಿ ಹೋದವನು. ಇಲ್ಕೊನಿಗೆ ಈಗ ಮೂವತ್ತೆಂಟು. ಬೇಕರಿಯ ರಾದ್ಕಾ ಆರು ವರ್ಷದಿಂದ ಅವನಿಗಾಗಿ ಕಾಯುತ್ತಿದ್ದಳು. ಪರೀಕ್ಷೆಯ ಫಲಿತಾಂಶ ಬರಲಿ, ಆಮೇಲೆ ಮದುವೆ ಎಂದು ಅವನದೊಂದೇ ಹಟ. ಬಿಡುವು ಸಿಕ್ಕಾಗಲೆಲ್ಲ ಕಿಟಕಿಯ ಬೆಳಕಿಗೆ ಅಂಗೈ ಹಿಡಿದು ನೋಡಿಕೊಳ್ಳುವುದು ಅವನಿಗೆ ಚಟವೇ ಆಗಿಹೋಗಿತ್ತು. ಪಾಪ, ಅದನ್ನು ಯಾರೂ ಗಮನಿಸಿಲ್ಲವೆಂದು ಅವನು ತಿಳಿದಿದ್ದ.

ಹತ್ತು ಗಂಟೆಗೆ ಸ್ಥಳ ಪರಿಶೀಲನೆ ಆಯಿತು. ಶೀತಲ ಕೋಣೆಯ ಬೀಗ ಒಡೆದಿರಲಿಲ್ಲ. ಫ್ರೀಜರಿನಲ್ಲಿ ಇನ್ನೂರಕ್ಕೂ ಹೆಚ್ಚು ಸೀಸೆ ಉಳಿದಿದ್ದವು. ಕಳ್ಳ ಅರೆಯಿಂದ ಅರೆಗೆ ಹೋಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಬೇಕಾದವನ್ನಷ್ಟೇ ಆರಿಸಿ ತೆಗೆದಿದ್ದ.

ಪ್ರೊಫೆಸರ್ ಒಂದೊಂದೇ ಅರೆ ಎಳೆದು ನೋಡುತ್ತ ಬಂದವರು ಬಿಳಿಚಿಕೊಂಡರು. "ಕಪ್ಪು ಪಟ್ಟಿಯವು ಒಂದೂ ಇಲ್ಲ."

"ಹಾಗಂದ್ರೆ?"

"ರಕ್ತ ಕೊಟ್ಟವರು ತೀರಿಕೊಂಡ್ರೆ ಅವರ ಸೀಸೆಗೆ ಕಪ್ಪು ಪಟ್ಟಿ ಅಂಟಿಸ್ತೀವಿ. ಕಳ್ಳ ಸತ್ತವರದ್ದನ್ನ ಮಾತ್ರ ಒಯ್ದಿದ್ದಾನೆ. ನನ್ನ ಅಳತೆಗೋಲೇ ಹೋಯ್ತಲ್ಲಪ್ಪಾ! ರೋಗ ಬಂದು ಸತ್ತವರ ರಕ್ತ ಎದುರಿಗಿಟ್ಟು ನೋಡಿದ್ರೇ ತಾನೇ, ಬದುಕಿರೋರಲ್ಲಿ ಯಾರಿಗೆ ಬರುತ್ತೆ ಅಂತ ಹೇಳೋಕಾಗೋದು?"

"ಮತ್ತೆ ತೆಗೀಬಹುದಲ್ಲ?" ಎಂದ ಇಲ್ಕೊ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

"ಒಂದೇ ಆಸೆ," ಎಂದರು ಪ್ರೊಫೆಸರ್. "ಡ್ರೈ ಐಸ್ ತುಂಬಿದ ಪೆಟ್ಟಿಗೆಯೊಂದೂ ಕಾಣೆಯಾಗಿದೆ. ಅದರಲ್ಲಿಟ್ಟಿದ್ರೆ ಇವತ್ತು ರಾತ್ರಿವರೆಗೂ ತಡೆಯುತ್ತೆ. ಕರಗಿದ್ರೆ ಚರಂಡಿಗೆ ಸುರಿಯೋಕೂ ಲಾಯಕ್ಕಿಲ್ಲ."

"ಇಷ್ಟು ಬೆಳಿಗ್ಗೆ ಸೀಸೆ ಎಣಿಸೋ ಪ್ರಮೇಯ ಯಾಕೆ ಬಂತು?"

ಪ್ರೊಫೆಸರ್ ತಡವರಿಸಿದರು. ಬುಧವಾರ ಹೊರದೇಶದ ಔಷಧ ಕಂಪನಿಯ ವಾಹನ ಬರುವುದಿತ್ತು. ಎಲ್ಲ ಸೀಸೆಗಳೂ ಅದರಲ್ಲಿ ಹೋಗುವುದಿತ್ತು. ಆ ಪರೀಕ್ಷೆ ಮಾಡುವ ಯಂತ್ರ ಇಲ್ಲಿರಲಿಲ್ಲ.

"ಹಳ್ಳಿಯವರನ್ನ ಕೇಳಿದ್ರಾ?"

"ಬದುಕಿರೋರನ್ನ ಕೇಳಿದ್ವಿ. ಸತ್ತವರನ್ನ ಯಾರು ಕೇಳ್ತಾರೆ ಇನ್ಸ್‌ಪೆಕ್ಟರೇ? ಬೇಕಿಲ್ಲ ಅಂತ ಕೇಂದ್ರದ ಸಮಿತಿಯೇ ಹೇಳಿದೆ."

ಕಾವಲುಗಾರ ಪರ್ವಾನ್‌ನನ್ನು ಕರೆಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಯಾರೂ ಕೇಳುವ ಮೊದಲೇ, "ನಾನು ಕುಡಿದಿರಲಿಲ್ಲ ಸಾರ್," ಎಂದ.

"ಶುಕ್ರವಾರ ಕೊನೆಗೆ ಹೋದವರು ಯಾರು?"

"ಪ್ರೊಫೆಸರು. ಅವರಾದ ಮೇಲೆ ನೆವೆನಾ ಮೇಡಂ. ಅವರ ಕೈಲಿ ಚೆರ್ರಿ ಪೆಟ್ಟಿಗೆ ಇತ್ತು, ನನಗೂ ಒಂದು ಹಿಡಿ ಕೊಟ್ರು. ಒಳ್ಳೆ ಹೆಂಗಸು."

"ಬೀಗದ ಕೈ?"

"ಇದೇ ಮೊಳೆಗೆ ನೇತು ಹಾಕಿರುತ್ತೆ ಸಾರ್. ಕುಡಿದಿರಲಿಲ್ಲ ಸಾರ್ ನಾನು."

ಶೀತಲ ಕೋಣೆಯ ಎದುರು ಬಾಗಿಲೇ ನೆವೆನಾ ಗಾನೆವಾಳದ್ದು. ಆಕೆ ಡಾಕ್ಟರಲ್ಲ, ಸಮಾಜಶಾಸ್ತ್ರದವಳು. ರಕ್ತ ತೆಗೆಯಲು ಬಂದ ಡಾಕ್ಟರುಗಳ ಮೇಲೆ ಕಾಮೆನ್ ದೋಲ್‌ನವರು ನಾಯಿ ಬಿಟ್ಟಿದ್ದ ಕಾಲದಲ್ಲಿ, ಅವರ ಅಡುಗೆಮನೆಗಳಲ್ಲಿ ಕೂತು ಮೆಣಸಿನಕಾಯಿ ಸುಲಿದುಕೊಡುತ್ತ, ಅವರ ಬದುಕಿನ ಕತೆಯೆಲ್ಲ ಕೇಳಿ ಬರೆದುಕೊಂಡವಳು. ಆಕೆಯ ಮುಖ ನೋಡಿಯೇ ಹಳ್ಳಿ ತೋಳು ಚಾಚಿತ್ತು.

"ಕಳುವಿನ ಸುದ್ದಿ ಗೊತ್ತಾಯ್ತಾ?" ಎಂದ ವೆನೆಲಿನ್.

"ಕಾರಿಡಾರಲ್ಲಿ ಮಾತಾಡ್ತಿದ್ರು. ಬದುಕಿರೋರ ಸೀಸೆಗಳಿಗೆ ಏನೂ ಆಗಿಲ್ಲ ತಾನೇ?"

"ಏನೂ ಆಗಿಲ್ಲ."

"ಸದ್ಯ," ಎಂದಳು ಆಕೆ. ಬಾಗಿಲಲ್ಲಿ ನಿಂತಿದ್ದ ಇಲ್ಕೊನನ್ನು ನೋಡಿ, "ಅಮ್ಮ ಹೇಗಿದ್ದಾರೆ?" ಎಂದು ವಿಚಾರಿಸಿದಳು.

ಇದು ಸೋಫಿಯಾ ನಗರದಲ್ಲಿ ಇದೇ ಸಂಶೋಧನೆ ನಡೆಸುವ ಎದುರಾಳಿಗಳದೇ ಕೆಲಸ ಎಂದು ಪ್ರೊಫೆಸರ್ ಗೇಟಿನವರೆಗೂ ಹೇಳುತ್ತ ಬಂದರು. ವೆನೆಲಿನ್‌ಗೆ ಅದು ರುಚಿಸಲಿಲ್ಲ. ಸಂಶೋಧನೆ ಕದಿಯುವ ಕಳ್ಳನಾಗಿದ್ದರೆ ಎಲ್ಲವನ್ನೂ ಬಾಚಿಕೊಂಡು ಹೋಗುತ್ತಿದ್ದ. ಸತ್ತವರನ್ನಷ್ಟೇ ಆರಿಸಿಕೊಂಡವರಿಗೆ ಸತ್ತವರ ಮೇಲೇ ಏನೋ ಹಕ್ಕಿರಬೇಕು, ಇಲ್ಲವೇ ಋಣವಿರಬೇಕು. ಅಂಥವರನ್ನು ಹುಡುಕಬೇಕಾದದ್ದು ಹಳ್ಳಿಯಲ್ಲಿ.

"ನಡಿ, ನಿಮ್ಮೂರಿಗೇ ಹೋಗೋಣ," ಎಂದ.

ಜೀಪು ಓಡಿಸಿದ್ದು ಇಲ್ಕೊ. ದಾರಿಯುದ್ದಕ್ಕೂ ವೇಗ ಮಿತಿಮೀರಿತ್ತು. ವೆನೆಲಿನ್ ಗದರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಅವರು ಇಲ್ಕೊನ ತಾಯಿ ತ್ಸ್ವೆತಾನಾಳ ಅಂಗಳದಲ್ಲಿದ್ದರು. ಮುದುಕಿ ಗಟ್ಟಿಗಿತ್ತಿ. ಮಗನನ್ನು ನೋಡಿ, "ಸೊರಗಿದೀಯಲ್ಲೋ, ಆ ಬೇಕರಿ ಹುಡುಗಿ ನಿನಗೆ ರೊಟ್ಟಿ ಹಾಕಲ್ವಾ?" ಎಂದಳು. ಇನ್ಸ್‌ಪೆಕ್ಟರನ್ನು ಕೂರಿಸಿ, ಸಕ್ಕರೆ, ಆಕ್ರೋಟು ಬೆರೆಸಿದ ಬೇಯಿಸಿದ ಗೋಧಿಯ ಬಟ್ಟಲು ತಂದಿಟ್ಟಳು. ಹಿಂದಿನ ಶನಿವಾರವಷ್ಟೇ ಚೆರ್ರಿ ಕಾಲದ ಸತ್ತವರ ಶನಿವಾರ ಆಗಿತ್ತು. ಸಮಾಧಿಯ ಬಳಿ ಹಂಚಿ ಉಳಿದ ಗೋಧಿ ಅದು.

"ನನ್ನ ಮೆಟೊಡಿಯ ಹೆಸರಲ್ಲಿ ತಗೊಳ್ಳಿ."

"ದೇವರು ಕ್ಷಮಿಸಲಿ," ಎಂದು ವೆನೆಲಿನ್ ಪದ್ಧತಿಯಂತೆ ಒಂದು ಚಮಚ ಬಾಯಿಗಿಟ್ಟ. "ಅಜ್ಜೀ, ಸತ್ತವರ ರಕ್ತದ ವಿಚಾರಕ್ಕೆ ಇಲ್ಲಿ ಯಾರಿಗಾದ್ರೂ ಸಿಟ್ಟು ಇತ್ತಾ? ಯಾರಾದ್ರೂ ಬಂದು ಕೇಳಿದ್ರಾ?"

"ರಕ್ತದ ಮಾತು ಯಾರೂ ಎತ್ತಿಲ್ಲಪ್ಪ. ಸಿಟ್ಟಿದ್ರೆ ನನಗೇ, ಅದೂ ಈ ಗೋಧಿ ವಿಚಾರಕ್ಕೆ. ಗಂಡನ ಹೆಸರಲ್ಲಿ ಗೋಧಿ ಹಂಚೋಳು ಹೆಂಡತಿ ತಾನೇ? ಶನಿವಾರ ನಾನು ಕುಂಟ್ಕೊಂಡು ಹೋಗೋ ಹೊತ್ತಿಗೆ ಇನ್ನೊಬ್ಬಳು ಅಲ್ಲಿ ನಿಂತಿದಾಳೆ! 'ಮೆಟೊಡಿಯ ಹೆಸರಲ್ಲಿ ತಗೊಳ್ಳಿ' ಅಂತ ನನ್ನ ಕೈಗೇ ಹಾಕ್ತಾಳೆ. ನಾನೇನು ಸತ್ತು ಹೋಗಿದೀನಾ?"

"ಯಾರು ಅಜ್ಜಿ?"

"ಇನ್ಯಾರು, ನಮ್ಮ ನೆವೆನಾ. ನನ್ನ ಮೆಟೊಡಿಗೊಂದೇ ಅಲ್ಲ, ಆ ರೋಗದಲ್ಲಿ ಹೋದೋರಿಗೆಲ್ಲ ಹೆಸರು ಹಿಡಿದು ಹಂಚಿದಳು. ನಮ್ಮ ಬಂಧುವಲ್ಲ, ಬಳಗವಲ್ಲ. ಅಷ್ಟೇ ಅಲ್ಲ, ಒಂದೊಂದು ಸಮಾಧಿಗೂ ಜೆರೇನಿಯಂ ಸಸಿ ನೆಟ್ಟಳು. ಬೈಯೋಣ ಅಂದ್ಕೊಂಡೆ, ಕಣ್ಣಲ್ಲಿ ನೀರು ಹಾಕ್ಕೊಂಡು ನಿಂತಿದ್ದಳು, ಸುಮ್ಮನಾದೆ."

ವೆನೆಲಿನ್‌ಗೆ ಕಾವಲುಗಾರ ಹೇಳಿದ ಚೆರ್ರಿ ಪೆಟ್ಟಿಗೆ ನೆನಪಾಯಿತು; ಚೆರ್ರಿಯ ಕೆಳಗೆ ಸೀಸೆಗಳಿದ್ದಿರಬೇಕು. ಅದರ ಹಿಂದೆಯೇ ಕಾರಿಡಾರಿನ ಮಾತೂ ನೆನಪಾಯಿತು. ಆಗ, ಸತ್ತವರ ಸೀಸೆಗಳಷ್ಟೇ ಹೋಗಿವೆ ಎಂದು ಪ್ರೊಫೆಸರಿಗೆ ಗೊತ್ತಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಕೋಣೆಯಿಂದ ಅವರು ಹೊರಗೇ ಬಂದಿರಲಿಲ್ಲ. ಆದರೂ ಆಕೆ ಕೇಳಿದ್ದು ಬದುಕಿರುವವರ ಸೀಸೆಗಳ ಬಗ್ಗೆ ಮಾತ್ರ. ಛೆ, ಆಗಲೇ ಹೊಳೆಯಬೇಕಿತ್ತು ಎಂದು ತನ್ನನ್ನೇ ಬೈದುಕೊಂಡ. ಕಳ್ಳತನವನ್ನೇನೋ ಆಕೆ ಚೊಕ್ಕಟವಾಗಿ ಮುಗಿಸಿದ್ದಳು. ಆದರೆ ಗೋಧಿ ಹಂಚದೆ, ಹೆಸರು ಹೇಳದೆ ಯಾರನ್ನಾದರೂ ಮಣ್ಣಿಗಿಡುವುದು ಆ ಸೀಮೆಯಲ್ಲಿ ಹುಟ್ಟಿದವಳಿಂದ ಆಗುವ ಮಾತಲ್ಲ.

ಇಲ್ಕೊ ಆಗಲೇ ಎದ್ದು ಗೇಟು ದಾಟಿದ್ದ. "ಪೆಟ್ಟಿಗೆ ಸಮೇತ ಹೂತಿರಬಹುದು ಸಾರ್. ಡ್ರೈ ಐಸ್ ಸಮೇತ."

ಹಳ್ಳಿಯ ಮೇಯರಮ್ಮ ಮತ್ತು ಚರ್ಚಿನ ಗಂಟೆ ಬಾರಿಸುವವನು ಪಂಚರಾಗಿ ಬಂದರು. ಸ್ಮಶಾನದಲ್ಲಿ ಸಮಾಧಿಗಳ ಮೇಲೆ ಹಾಸಿದ್ದ ಆಕ್ರೋಟಿನ ಎಲೆಗಳು ಬಿಸಿಲಿಗೆ ಮುರುಟಿದ್ದವು. ಎಲ್ಲಿಂದ ಶುರು ಮಾಡುವುದೆಂದು ವೆನೆಲಿನ್ ಅನುಮಾನಿಸಿದ.

"ಮೊದಲು ನಮ್ಮಪ್ಪನದ್ದೇ ತೆಗೀರಿ ಸಾರ್," ಎಂದ ಇಲ್ಕೊ.

ಸಸಿ ಕಿತ್ತರು. ಒಂದು ಗೇಣು ಆಳದಲ್ಲಿ ಬಿಳಿ ಬಟ್ಟೆಯ ಚಿಕ್ಕ ಗಂಟು ಸಿಕ್ಕಿತು. ಬಿಚ್ಚಿದರೆ ಕಪ್ಪು ಪಟ್ಟಿಯ ಒಂದೇ ಸೀಸೆ. ಪೆಟ್ಟಿಗೆಯೂ ಇಲ್ಲ, ಐಸೂ ಇಲ್ಲ. ಇಲ್ಕೊ ಕೈಗವಸು ಹಾಕಿಕೊಂಡು ಅದನ್ನು ಎತ್ತಿಕೊಂಡ. ಎರಡು ದಿನದ ಬಿಸಿಲು ಕುಡಿದ ಮಣ್ಣಿನಷ್ಟೇ ಬೆಚ್ಚಗಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದ. ಕೊನೆಗೆ ವೆನೆಲಿನ್‌ ತಾನೇ ಅವನ ಕೈಯಿಂದ ತೆಗೆದುಕೊಂಡು ಲಕೋಟೆಗೆ ಹಾಕಬೇಕಾಯಿತು. ಪಂಚನಾಮೆ ಮುಗಿಯುವಾಗ ಸಂಜೆ ಆರಾಗಿತ್ತು. ಮೂವತ್ತೇಳೂ ಸಿಕ್ಕಿದವು, ಮೂವತ್ತೇಳೂ ಕರಗಿದ್ದವು.

ನೆವೆನಾ ಇನ್ನೂ ಕೇಂದ್ರದಲ್ಲೇ ಇದ್ದಳು. ಪೊಲೀಸರನ್ನು ಕಂಡು ಕೋಟು ಹಾಕಿಕೊಂಡಳು. ಕಾಯುತ್ತಿದ್ದವಳ ಹಾಗಿತ್ತು.

"ನೀವೇ ತೆಗೆದಿರಾ?"

"ನಾನೇ."

"ಯಾಕೆ?"

"ನಿಮ್ಮ ರಕ್ತ ಈ ಊರು ಬಿಟ್ಟು ಹೋಗಲ್ಲ, ಯಾರ ಕೈಗೂ ಕೊಡಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಒಬ್ಬೊಬ್ಬರ ಹಾಸಿಗೆ ಪಕ್ಕ ಕೂತು ಕೊಟ್ಟಿದ್ದೆ. ಬದುಕಿರೋರು ಬೇಡ ಅಂದ್ರೆ ಬಾಯಿ ಬಿಟ್ಟು ಅನ್ನಬಹುದು. ಸತ್ತವರಿಗೆ ಬಾಯಿ ಎಲ್ಲಿದೆ? ಸಮಿತಿ ಸಭೆಯಲ್ಲಿ ಎಷ್ಟು ಬಡಕೊಂಡೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಬದುಕಿರೋರದ್ದು ಮುಟ್ಟಿಲ್ಲ ನಾನು. ಪರೀಕ್ಷೆಗೆ ಅಷ್ಟು ಸಾಕಲ್ಲ."

"ಸಾಕಾ?" ಎದುರು ಬಾಗಿಲಿನಿಂದ ಪ್ರೊಫೆಸರ್ ಸಿಡಿದರು. "ಸತ್ತವರದ್ದಿಲ್ಲದೆ ಯಾವುದರ ಪಕ್ಕ ಇಟ್ಟು ಅಳೀಲಿ ನಾನು? ಅಳತೆಗೋಲನ್ನೇ ಹೂತು ಬಂದಿದೀಯಲ್ಲೇ! ಹನ್ನೆರಡು ವರ್ಷ ಎದುರು ಬಾಗಿಲಲ್ಲಿದ್ದೀಯ, ಒಂದು ಮಾತು ಬಂದು ಕೇಳಬಾರದಿತ್ತಾ?"

ಆಕೆ ಪ್ರೊಫೆಸರ ಕಡೆ ತಿರುಗಿದಳು. "ನೀವು ಯಾವತ್ತಾದ್ರೂ ಹೇಳಿದ್ರಾ?"

ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ ಇಬ್ಬರಿಗೂ ಆಗ ಅರ್ಥವಾಗಿತ್ತು. ಕಾರಿಡಾರು ನಾಲ್ಕು ಹೆಜ್ಜೆಯೂ ಅಗಲವಿರಲಿಲ್ಲ. ಅದನ್ನು ದಾಟಿ ಒಬ್ಬರ ಕೆಲಸದ ವಿಚಾರ ಇನ್ನೊಬ್ಬರು ಕೇಳಿರಲಿಲ್ಲ. ಏಳು ಹತ್ತಕ್ಕೆ ಬಂಧನವಾಯಿತು.

ಜೀಪಿನ ಹಿಂದಿನ ಸೀಟಿನಲ್ಲಿ ಮಹಿಳಾ ಕಾನ್‌ಸ್ಟೇಬಲ್ ಪಕ್ಕ ನೆವೆನಾ ಕೂತಿದ್ದಳು. ಇಲ್ಕೊ ಕೀಲಿ ತಿರುಗಿಸದೆ, ಹಿಂದಕ್ಕೂ ನೋಡದೆ ಕೇಳಿದ:

"ಅಕ್ಕಾ, ನಮ್ಮಪ್ಪ ರಕ್ತ ಕೊಡುವಾಗ ಏನಂದಿದ್ರು?"

"ಯಾರ ಕೈಗೂ ಕೊಡಬೇಡ ಅಂದ್ರು ಇಲ್ಕೊ."

"ಅಷ್ಟೇನಾ?"

ಆಕೆ ಉಳಿದದ್ದನ್ನೂ ಹೇಳಿದಳು. "'ನನಗೆ ಸೂಜಿ ಅಂದ್ರೆ ಭಯ ನೆವೆನಾ, ಆದ್ರೂ ತಗೋ' ಅಂದ್ರು. 'ನಮ್ಮ ಹುಡುಗನಿಗೆ ಇದು ಬರುತ್ತೋ ಇಲ್ವೋ ಅಷ್ಟು ಹೇಳಿಬಿಡಿ, ಸಾಕು' ಅಂದ್ರು. ಹೇಳ್ತೀವಿ ಅಂದಿದ್ದೆ."

ಇಲ್ಕೊ ತಲೆಯಾಡಿಸಿ ಗಾಡಿ ಶುರು ಮಾಡಿದ. ದಾರಿಯಲ್ಲಿ ಬೇಕರಿ ಸಿಕ್ಕಿತು, ದೀಪ ಉರಿಯುತ್ತಿತ್ತು. ಅವನು ಅತ್ತ ತಿರುಗಲಿಲ್ಲ.

ಠಾಣೆಯಲ್ಲಿ ವೆನೆಲಿನ್ ವರದಿ ಹೇಳುತ್ತ ಹೋದ, ಇಲ್ಕೊ ಟೈಪು ಮಾಡುತ್ತ ಹೋದ. ಆರೋಪಿಯ ಹೆಸರು, ವಯಸ್ಸು, ವಶಪಡಿಸಿಕೊಂಡ ವಸ್ತು ಎಲ್ಲ ಆಯಿತು. ಕೃತ್ಯಕ್ಕೆ ಕಾರಣ ಎಂಬಲ್ಲಿ ವೆನೆಲಿನ್ ಸ್ವಲ್ಪ ಯೋಚಿಸಿದ.

"ಸತ್ತವರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು, ಅಂತ ಹಾಕು."

ಇಲ್ಕೊನ ಕೈ ಮುಂದೆ ಹೋಗಲಿಲ್ಲ.

"ಯಾವ ಮಾತು ಅಂತ ಹಾಕಲಿ ಸಾರ್?" ಎಂದ. "ಕೊಟ್ಟಿದ್ದು ಎರಡು."