ನಾಲ್ಕನೇ ಪುಟದ ಮಹಾರಾಣಿ

ಪರದೆಯ ಮೇಲೆ ತನ್ನ ವೆಬ್‌ಸೈಟು ಮೂಡಿದ್ದನ್ನು ಕಂಡು ಅವಳ ಎದೆ ಉಬ್ಬಿತು. ಉಬ್ಬಿದ ಎದೆ ಇಳಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಹೇಗೆ ಮಾಡಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಈ ವರ್ಷ ನಂಗೆ ಸಿಕ್ಕಿಲ್ಲ," ಎಂದ ಮುಂದೆ ನಿಂತವನು. "ತಲೆಬರಹ ನೋಡಿ, 'ಪಾರಂಪರಿಕ ಆಸನಗಳ ಪುನರ್ಜನ್ಮ'! ಪಾಪ, ಇವರು ಮಾಡೋದು ಬೆತ್ತದ ಕುರ್ಚಿ ರಿಪೇರಿ. ಆ ಒಂದು ಮಾತು ಮಾತ್ರ ಇಡೀ ಸೈಟಲ್ಲಿ ಎಲ್ಲೂ ಇಲ್ಲ."

ವ್ಯಾಪಾರಿಗಳ ಸಂಘದ ಮಹಡಿಯ ಹಾಲಿನಲ್ಲಿ ನಗು ಎದ್ದಿತು. ಸೋಪು ಮಾಡುವವರು, ಆಟಿಕೆ ಮಾರುವವರು, ಮನೆಯಲ್ಲೇ ಕುಳಿತು ಚೀಲ ಹೊಲಿಯುವವರು, ಎಲ್ಲರೂ ಆನ್‌ಲೈನ್ ಅಂಗಡಿ ತೆರೆದು ಗಿರಾಕಿಗಾಗಿ ಕಾದು ಕುಳಿತವರೇ. ಸರ್ಚ್‌ನಲ್ಲಿ ಮೇಲೆ ಬರುವುದು ಹೇಗೆ ಎಂದು ಶನಿವಾರ ಶನಿವಾರ ಹೇಳಿಕೊಡುವ ಈತನನ್ನು ಅವರೆಲ್ಲ ಸರ್ಚ್ ಮೇಷ್ಟ್ರು ಎನ್ನುತ್ತಿದ್ದರು. ಹೆಸರಿಗೆ ಮೇಷ್ಟ್ರು ಅಷ್ಟೆ, ವಯಸ್ಸು ಮೂವತ್ತೆರಡು ದಾಟಿರಲಿಲ್ಲ.

ಎರಡನೇ ಸಾಲಿನಲ್ಲಿದ್ದ ಅವಳು ಎದ್ದು ನಿಂತಳು.

"ಪಾಪ ಅಂದ್ರಲ್ಲ, ಆ ಪಾಪದವಳು ನಾನೇ."

ನಗು ಗಕ್ಕನೆ ನಿಂತಿತು. ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಸಾರಿ ಮೇಡಂ. ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ."

"ಗೊತ್ತಿದ್ರೆ ಏನ್ಮಾಡ್ತಿದ್ರಿ, ನಾನು ಎದ್ದುಹೋದ ಮೇಲೆ ನಗ್ತಿದ್ರಾ? ಕೇಳಿ ಮೇಷ್ಟ್ರೇ, ರಿಪೇರಿ ಅಂದ್ರೆ ಮೊಳೆ ಹೊಡೆದು ಕೈ ಒರೆಸ್ಕೊಳ್ಳೋದು. ನಾವು ಹೆಣೀತೀವಿ. ಒಂದು ಸೀಟಿಗೆ ಎರಡು ದಿನ."

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಮೆಟ್ಟಿಲಿಳಿಯುವಾಗ ಮಾತ್ರ ಕಣ್ಣು ತುಂಬಿ ಬಂತು. ಏಕೆಂದರೆ ಅವನು ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳನ್ನು ಬೀದಿಯವರು ಮಹಾರಾಣಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. "ನಾಳೇನೇ ಬೇಕು" ಎಂದ ಗಿರಾಕಿಗೆ "ಹಾಗಾದ್ರೆ ಪ್ಲಾಸ್ಟಿಕ್ ತಗೊಳ್ಳಿ" ಎಂದು ಕುರ್ಚಿ ವಾಪಸ್ಸು ಕೊಟ್ಟು ಕಳಿಸುವ ಹೆಣ್ಣು ಅದು. ನಲವತ್ತು ವರ್ಷ ಬೆತ್ತ ಹೆಣೆದ ಅಪ್ಪನ ಬೆರಳ ಗಂಟುಗಳು ಊದಿಕೊಂಡು ಕೆಲಸ ನಿಂತಾಗ, ಮನೆ ಮುಂದಿನ ಕೋಣೆಯನ್ನೂ ಕಸುಬನ್ನೂ ತಾನೇ ಕೈಗೆತ್ತಿಕೊಂಡಿದ್ದಳು. ಆದರೆ ಆ ಕೋಣೆಯ ಮೇಲೆ ಭಾವನ ಕಣ್ಣಿತ್ತು. ಬಣ್ಣದ ಅಂಗಡಿಯ ಭಾವನಿಗೆ ಡಬ್ಬಗಳನ್ನಿಡಲು ಜಾಗ ಬೇಕಿತ್ತು. ಅಕ್ಕ ಬಂದಾಗಲೆಲ್ಲ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದು ಹೋಗುತ್ತಿದ್ದಳು.

ಕೊನೆಗೆ ಅಪ್ಪ ತೀರ್ಮಾನ ಹೇಳಿದ್ದರು. "ವರ್ಷ ಮುಗಿಯೋವರೆಗೆ ಕೋಣೆ ನಿಂದು. ಅಷ್ಟರಲ್ಲಿ ಕೆಲಸ ತುಂಬಿದ್ರೆ ಯಾವತ್ತೂ ನಿಂದೇ. ಇಲ್ದಿದ್ರೆ ಅಳಿಯಂದ್ರಿಗೆ ಬಿಟ್ಕೊಡು, ಬೇಜಾರು ಮಾಡ್ಕೋಬೇಡ."

ಉಳಿದಿದ್ದು ಐದು ತಿಂಗಳು. ಕೋಣೆಯಲ್ಲಿದ್ದದ್ದು ಮೂರು ಕುರ್ಚಿ. ಅದರಲ್ಲೂ ಎರಡು ಮನೆಯವೇ.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಮೇಷ್ಟ್ರು! ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು, ತಪ್ಪು ಮಾಡಿ ಹೆಡ್‌ಮಾಸ್ಟರ ಕೋಣೆಗೆ ಬಂದವನ ಹಾಗೆ ನಿಂತಿದ್ದ.

"ಬೈಯೋದಿದ್ರೆ ಬೈದುಬಿಡಿ ಮೇಡಂ. ಆಮೇಲೆ ಸೈಟು ಸರಿಮಾಡೋಣ."

"ಬೈದಾಯ್ತಲ್ಲ, ಶನಿವಾರಾನೇ."

"ಅದು ಸಾಕಾಗಿಲ್ಲ ಅನ್ನಿಸ್ತು. ಎರಡು ದಿನ ನಿದ್ದೆ ಬಂದಿಲ್ಲ ನಂಗೆ."

ಅವಳಿಗೆ ನಗು ಬಂತು, ತೋರಿಸಲಿಲ್ಲ. ನೆನೆಹಾಕಿದ ಬೆತ್ತವನ್ನು ನೀರಿನಿಂದೆತ್ತಿ, ಚೌಕಟ್ಟಿನ ತೂತಿಗೆ ಪೋಣಿಸಿ ಎಳೆದಳು. ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ, ಆಮೇಲೆ ಓರೆಯಾಗಿ. ಅವನು ಮಾತು ಮರೆತು ಅವಳ ಬೆರಳನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದಳು. ಅವನ ಕಣ್ಣು ಸರ್ರನೆ ಗೋಡೆಗೆ ಹೋಯಿತು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಗೋಡೆ ಚೆನ್ನಾಗಿದೆಯಾ ಮೇಷ್ಟ್ರೇ?"

"ಹ್ಞಾಂ... ಗಟ್ಟಿಯಾಗಿದೆ," ಎಂದು ಅವನು ತಲೆ ಕೆರೆದುಕೊಂಡ. ಆಮೇಲೆ ಸಾವರಿಸಿಕೊಂಡು, "ಮೇಡಂ, ಸೀಟು ಹರಿದವರು ಸರ್ಚ್‌ನಲ್ಲಿ ಏನಂತ ಟೈಪ್ ಮಾಡ್ತಾರೆ ಗೊತ್ತಾ? 'ಕುರ್ಚಿ ಸೀಟು ತೂತು ಬಿದ್ದಿದೆ ಏನು ಮಾಡೋದು.' ಜನ ತಮ್ಮ ಕಷ್ಟಾನ ಟೈಪ್ ಮಾಡ್ತಾರೆ, ನಿಮ್ಮ ಹೆಮ್ಮೇನ ಅಲ್ಲ."

"ತೂತು, ರಿಪೇರಿ, ಈ ಎರಡು ಮಾತು ನನ್ನ ಸೈಟಿಗೆ ಕಾಲಿಡಕೂಡದು. ಮಿಕ್ಕಿದ್ದು ಹೇಳಿ, ಮಾಡ್ತೀನಿ."

ಅವನು ಹೇಳಿದ, ಅವಳು ಮಾಡಿದಳು. ವಿಳಾಸ, ಫೋನ್ ನಂಬರು ಎಲ್ಲ ಕಡೆ ಒಂದೇ ರೀತಿ ಬರೆದಳು. ಪ್ರತಿ ಫೋಟೋಗೂ ಅದರಲ್ಲೇನಿದೆ ಎಂದು ಒಂದು ಸಾಲು ಹಾಕಿದಳು. ಹಳೆ ಗಿರಾಕಿಗಳಿಗೆ ಫೋನ್ ಮಾಡಿ ನಾಲ್ಕು ಮಾತು ಬರೆಯಿರಿ ಎಂದು ಕೇಳಿದಳು. ಹಾಗೆ ಕೇಳುವಾಗ ಪ್ರಾಣ ಹೋದಷ್ಟಾಯಿತು, ಆದರೂ ಕೇಳಿದಳು. ಎಷ್ಟು ಜನ ಸೈಟಿಗೆ ಬಂದರೆಂದು ತೋರಿಸುವ ರಿಪೋರ್ಟನ್ನೂ ಅವನು ಅವಳ ಫೋನಿಗೆ ಜೋಡಿಸಿಕೊಟ್ಟ.

"ನಿಮ್ಮ ಫೋನು, ಅಪ್ಪಾವ್ರ ಫೋನು ಇದ್ರಲ್ಲಿ ಲೆಕ್ಕಕ್ಕೆ ಬರಲ್ಲ. ನಮ್ಮ ಸೈಟಿಗೆ ನಾವೇ ಹೋಗಿ ನಂಬರ್ ಕೆಡಿಸ್ಕೋಬಾರದು. ಅದು ಮೊದಲನೇ ಪಾಠ."

"ಸರ್ಚ್‌ನಲ್ಲಿ ಈಗ ನಾನೆಲ್ಲಿದೀನಿ?"

"ನಾಲ್ಕನೇ ಪುಟದಲ್ಲಿ. ಅಲ್ಲಿಗೆ ಯಾರೂ ಬರಲ್ಲ ಮೇಡಂ. ಆ ಎರಡು ಮಾತು ಬರೀರಿ ಅಂದ್ರೆ ನೀವು ಕೇಳಲ್ಲ."

ಬುಧವಾರ ಬುಧವಾರ ಅವನು ಬರತೊಡಗಿದ. ಸಲಹೆ ಹತ್ತು ನಿಮಿಷದ್ದು, ಕೂತು ಹೋಗುವುದು ಒಂದೂವರೆ ಗಂಟೆ. ಅಪ್ಪ ಒಳಗಿನಿಂದಲೇ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಶೀತ ಕಾರಣವಲ್ಲ ಎಂದು ಮೂವರಿಗೂ ಗೊತ್ತಿತ್ತು.

ಎರಡು ತಿಂಗಳು ರಿಪೋರ್ಟಿನಲ್ಲಿ ಸೊನ್ನೆ. ಆಮೇಲೊಂದು ದಿನ ಒಬ್ಬರು ಬಂದರು! ಮರುದಿನವೂ ಒಬ್ಬರು. ಅದೂ ಎಲ್ಲಿಗೆ, 'ನಮ್ಮ ಬಗ್ಗೆ' ಪುಟಕ್ಕೆ. ಅಪ್ಪನ ಕಥೆಯಿದ್ದ, ಅವಳು ಬೆತ್ತ ಹೆಣೆಯುವ ಫೋಟೋ ಇದ್ದ ಪುಟ. ಬಂದವರು ಆರೇಳು ನಿಮಿಷ ಇರುತ್ತಿದ್ದರು.

"ಅಪ್ಪಾ, ದಿನಾ ಯಾರೋ ನಿನ್ನ ಕಥೆ ಓದ್ತಿದಾರೆ!" ಎಂದು ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ಅಪ್ಪ ಅಂದು ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಆ ಸುದ್ದಿ ಹೇಳಿದರು. ಭಾವನಿಗೆ ಎರಡು ಸಲ ಹೇಳಿದರು.

ಇಪ್ಪತ್ತು ದಿನವಾದ ಮೇಲೆ ಅವಳಿಗೆ ಕುತೂಹಲ ಹೆಚ್ಚಿತು. ಇಷ್ಟು ಪ್ರೀತಿಯಿಂದ ಬರುವವರು ಯಾರಿರಬಹುದು? ರಿಪೋರ್ಟನ್ನು ಬಿಡಿಸಿ ನೋಡಿದಳು. ಎಲ್ಲವೂ ಇದೇ ಊರಿನಿಂದ. ಎಲ್ಲವೂ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ. ಎಲ್ಲವೂ ಒಂದೇ ಮಾದರಿಯ ಫೋನಿನಿಂದ. ಅಂಗಡಿಗಳಲ್ಲಿ ಸಿಗುವುದೇ ನಿಂತುಹೋದ ಆ ಹಳೇ ಫೋನನ್ನು ಅವಳು ಪ್ರತಿ ಬುಧವಾರ ನೋಡುತ್ತಿದ್ದಳು, ಮೇಷ್ಟ್ರ ಕೈಯಲ್ಲಿ.

ಮೈಯೆಲ್ಲ ಉರಿದುಹೋಯಿತು. ಬುಧವಾರ ಅವನು ಹೊಸ್ತಿಲು ದಾಟುವ ಮೊದಲೇ ಫೋನು ಅವನ ಮುಖಕ್ಕೆ ಹಿಡಿದಳು.

"ಇದು ಯಾರು?"

ಅವನ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಲು ಬಾಯಿ ತೆರೆದ, ಬರಲಿಲ್ಲ. "ನಾನೇ."

"ಕರುಣೇನಾ? ಪಾಪ, ಸೊನ್ನೆ ನೋಡಿ ಅಳ್ತಾಳೆ ಅಂತ ದಿನಾ ಒಂದು ಭಿಕ್ಷೆ ಹಾಕಿದ್ರಾ? ನಮ್ಮಪ್ಪ ಊರಿಗೆಲ್ಲ ಹೇಳ್ಕೊಂಡು ಬಂದ್ರಲ್ರೀ!"

"ಕರುಣೆ ಅಲ್ಲ." ಅವನ ದನಿ ತೀರ ಸಣ್ಣದಾಯಿತು. "ಮೊದಲು ಎಷ್ಟನೇ ಪುಟದಲ್ಲಿ ಬರುತ್ತೆ ಅಂತ ನೋಡೋಕೆ ಹೋದೆ. ಆಮೇಲೆ ಅದು ನೆಪ ಆಯ್ತು. ದಿನಾ ಬೆತ್ತದ ಕುರ್ಚಿ ಅಂತ ಟೈಪ್ ಮಾಡಿ, ನಾಲ್ಕನೇ ಪುಟದವರೆಗೂ ಹೋಗಿ, ಆ ಫೋಟೋ ನೋಡ್ಕೊಂಡು ಕೆಲಸ ಶುರು ಮಾಡ್ತೀನಿ. ನೀವು ಲೆಕ್ಕ ನೋಡ್ತೀರಿ ಅನ್ನೋದೇ ಮರೆತುಹೋಯ್ತು. ಊರಿಗೆಲ್ಲ ಪಾಠ ಹೇಳೋ ನಾನು ನಿಮ್ಮ ವಿಷ್ಯದಲ್ಲಿ ಮೊದಲನೇ ಪಾಠಾನೇ ಮರೆತೆ."

ಅವಳಿಗೆ ಖುಷಿ, ಸಿಟ್ಟು, ಅವಮಾನ ಮೂರೂ ಒಟ್ಟಿಗೆ ಬಂದವು. ಮೊದಲು ಬಾಯಿಗೆ ಸಿಕ್ಕಿದ್ದು ಅಭಿಮಾನ.

"ನಾಳೆಯಿಂದ ನನ್ನ ಸೈಟಿಗೆ ಬರಬೇಡಿ. ಈ ಮನೆಗೂ ಬರಬೇಡಿ. ನಿಜವಾದ ನಂಬರ್ ಬಂದಾಗ ನಾನೇ ಕರೀತೀನಿ."

"ಬರದೇ ಹೋದ್ರೆ?"

"ಬರುತ್ತೆ," ಎಂದಳು ಮಹಾರಾಣಿ.

ಮರುದಿನ ಎಂಟು ಗಂಟೆಗೆ ಸೊನ್ನೆ. ಅದರ ಮರುದಿನವೂ ಸೊನ್ನೆ. ಅವನು ಮಾತಿಗೆ ತಪ್ಪುವವನಲ್ಲ, ಅದೇ ಅವಳಿಗೆ ಸಂಕಟವಾಯಿತು. ಒಂದು ದಿನ ಮೋಸ ಮಾಡಿ ಬಂದಿದ್ದರೆ ಏನಾಗುತ್ತಿತ್ತು ಎಂದು ಫೋನಿಗೇ ಬೈದಳು.

ನಾಲ್ಕನೇ ದಿನ ಕುರ್ಚಿ ಎಳೆದುಕೊಂಡು ಬರೆಯಲು ಕೂತಳು. ಸಾಕಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಟೈಪ್ ಮಾಡಿದಳು. 'ಕುರ್ಚಿ ಸೀಟು ತೂತು ಬಿದ್ದಿದೆಯಾ? ಮನೆಯಲ್ಲೇ ರಿಪೇರಿ ಮಾಡುವುದು ಹೀಗೆ.' ಬೆತ್ತ ಎಷ್ಟು ಹೊತ್ತು ನೆನೆಯಬೇಕು, ಯಾವ ತೂತಿನಿಂದ ಶುರು ಮಾಡಬೇಕು, ಎಳೆ ಯಾವಾಗ ಮುರಿಯುತ್ತದೆ, ಒಂದನ್ನೂ ಬಚ್ಚಿಡಲಿಲ್ಲ. ಹೆಜ್ಜೆಗೊಂದು ಫೋಟೋ ಹಾಕಿದಳು.

ಅಪ್ಪ ಹೌಹಾರಿದರು. "ಕಸುಬಿನ ಗುಟ್ಟೆಲ್ಲಾ ಬೀದಿಗೆ ಹಾಕ್ತೀಯೇನೇ? ಇನ್ನು ನಮ್ಮ ಹತ್ರ ಯಾರು ಬರ್ತಾರೆ?"

"ಅಪ್ಪಾ, ಹೇಳಿಕೊಟ್ಟ ಮಾತ್ರಕ್ಕೆ ಬಂದುಬಿಡೋ ಕೆಲಸಾನಾ ನೀನು ನಲವತ್ತು ವರ್ಷ ಮಾಡಿದ್ದು?"

ಅಪ್ಪ ಗೊಣಗುತ್ತ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. "ಮೂಲೆ ತಿರುಗಿಸೋದು ತಪ್ಪು ಬರೆದಿದೀಯ. ಅಳಿಸು, ನಾನು ಹೇಳ್ತೀನಿ."

ತಂದೆ ಮಗಳು ವಾರವಿಡೀ ಬರೆದರು. ಅವರ ಬರಹ ಸರ್ಚ್‌ನಲ್ಲಿ ನಿಧಾನಕ್ಕೆ ಮೇಲೇರಿತು. ಮೂರನೇ ಪುಟಕ್ಕೆ ಬಂತು, ಎರಡನೆಯದಕ್ಕೆ ಬಂತು. ದಿನಕ್ಕೆ ಐದು ಜನ, ಹದಿನೈದು ಜನ, ಮೂವತ್ತು ಜನ. ಬೇರೆ ಬೇರೆ ಊರು, ಬೇರೆ ಬೇರೆ ಫೋನು. ಒಂದೆರಡು ಕುರ್ಚಿಗಳೂ ಬಂದವು. ವರ್ಷ ಮುಗಿಯಲು ಮೂರು ವಾರವಿದ್ದಾಗ ಫೋನ್ ಹೊಡೆದುಕೊಂಡಿತು.

"ನಾನು ವಾಚನಾಲಯದ ಕಾರ್ಯದರ್ಶಿ ಮಾತಾಡ್ತಿರೋದು," ಎಂದಿತು ಹಿರಿಯ ಹೆಂಗಸಿನ ದನಿ. "ನಿಮ್ಮ ಪುಟ ನೋಡ್ಕೊಂಡು ಒಂದು ಕುರ್ಚಿ ನಾನೇ ಹೆಣೆದೆ ಕಣಮ್ಮ. ಹನ್ನೊಂದು ದಿನ ಹಿಡೀತು, ಬೆರಳೆಲ್ಲ ಕುಯ್ದುಹೋಯ್ತು. ಅದರ ಮೇಲೆ ನಮ್ಮ ಬೆಕ್ಕೂ ಕೂರ್ತಿಲ್ಲ. ಇನ್ನೂ ಅರವತ್ತಿದೆ. ನೀವು ಮಾಡಿಕೊಡ್ತೀರಾ?"

ಅವಳು ನೆಟ್ಟಗೆ ಕೂತಳು. ಹೊರಟದ್ದು ಮಹಾರಾಣಿಯ ದನಿಯೇ. "ಮಾಡ್ತೀವಮ್ಮ. ಒಂದು ಸೀಟಿಗೆ ಎರಡು ದಿನ. ಅವಸರ ಮಾಡಬಾರದು."

"ಅವಸರ ಯಾರಿಗಿದೆ? ಚೆನ್ನಾಗಿ ಮಾಡಿ."

ಕುರ್ಚಿಗಳು ಬಂದಿಳಿದವು. ಕೋಣೆ ತುಂಬಿತು, ಅಂಗಳ ತುಂಬಿತು, ಮೆಟ್ಟಿಲ ಕೆಳಗೂ ನುಗ್ಗಿದವು. ಭಾವನೇ ಬಣ್ಣದ ಅಂಗಡಿಯ ಗಾಡಿಯಲ್ಲಿ ಕೊನೆಯ ಹತ್ತು ಕುರ್ಚಿ ತಂದಿಳಿಸಿ, ಬೆವರೊರೆಸಿಕೊಳ್ಳುತ್ತ, "ಆಯ್ತು ಮಾರಾಯ್ತಿ, ಕೋಣೆ ನಿಂದೇ, ನನ್ನನ್ನ ಬಿಟ್ಬಿಡು," ಎಂದು ಕೈಮುಗಿದ. ಅಪ್ಪ ಮಗಳ ಬೆನ್ನು ತಟ್ಟಿ ಒಳಗೆ ಹೋಗಿ ಜೋರಾಗಿ ಮೂಗು ಸೀಟಿಕೊಂಡರು.

ಅವಳು ಫೋನ್ ತೆಗೆದು ಮೇಷ್ಟ್ರಿಗೆ ಮಾಡಿದಳು. "ನಿಜವಾದ ನಂಬರ್ ಬಂದಿದೆ. ಬನ್ನಿ."

ಇಪ್ಪತ್ತು ನಿಮಿಷದ ದಾರಿಗೆ ಅವನು ಹತ್ತೇ ನಿಮಿಷ ತಗೊಂಡ. ಏದುಸಿರು ಬಿಡುತ್ತ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ನಿಂತ. ಸುತ್ತ ನೋಡಿದ. ಆಮೇಲೆ ಅವಳನ್ನು ನೋಡಿದ. ಈ ಸಲ ಕಣ್ಣು ಗೋಡೆಗೆ ಹೋಗಲಿಲ್ಲ.

"ಇದ್ರಲ್ಲಿ ನನ್ನ ಕೈಯೇನಿಲ್ಲ ಮೇಡಂ. ಎಲ್ಲ ನೀವೇ ಬರೆದಿದ್ದು."

"ಹೌದು, ನಾನೇ ಬರೆದಿದ್ದು. ಅದಕ್ಕೆ ಥ್ಯಾಂಕ್ಸ್ ಹೇಳೋಕೆ ಕರೆದಿಲ್ಲ."

"ಮತ್ತೆ?"

ಅವಳು ಕೈಯಲ್ಲಿದ್ದ ಬೆತ್ತ ಕೆಳಗಿಟ್ಟಳು. ಅಳುಕಲಿಲ್ಲ, ತಲೆ ತಗ್ಗಿಸಲಿಲ್ಲ.

"ಅವತ್ತು ನನ್ನ ಹತ್ರ ಏನೂ ಇರಲಿಲ್ಲ. ಅವತ್ತು ಹೇಳಿದ್ರೆ, ಆಸರೆಗೆ ಹೇಳ್ತಿದೀನೇನೋ ಅಂತ ನನಗೇ ಅನುಮಾನ ಆಗ್ತಿತ್ತು. ಇವತ್ತು ನನಗೆ ಕೆಲಸ ಇದೆ, ಕೋಣೆ ಇದೆ, ಹೆಸರಿದೆ. ಯಾವುದಕ್ಕೂ ನೀವು ಬೇಕಾಗಿಲ್ಲ. ಆದ್ರೂ ನೀವು ಬೇಕು. ನಂಗೆ ನಿಮ್ಮನ್ನ ಕಂಡ್ರೆ ಪ್ರೀತಿ."

ಊರಿಗೆಲ್ಲ ಸಲಹೆ ಕೊಡುವ ಮೇಷ್ಟ್ರು ಕಣ್ಣು ತುಂಬಿಕೊಂಡು, ಹೌದು ಎನ್ನುವಂತೆ ತಲೆಯಾಡಿಸಿದ, ಮತ್ತೆ ಆಡಿಸಿದ. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದುಕೊಂಡ. ಬೆತ್ತದ ನೀರಿನಿಂದ ಅದು ಒದ್ದೆಯಾಗಿತ್ತು.

ಒಳಗಿನಿಂದ ಅಪ್ಪನ ದನಿ ಬಂತು. "ಯಾರಮ್ಮಾ ಬಂದಿರೋದು?"

"ನಿನ್ನ ಅಳಿಯ ಅಪ್ಪಾ."

"ಮತ್ತೆ ಬಂದ್ರಾ? ಸದ್ಯ, ಆ ಮೆಟ್ಟಿಲ ಕೆಳಗಿನ ಕುರ್ಚಿ ಎತ್ತಿಡೋಕೆ ಹೇಳು."

"ದೊಡ್ಡ ಅಳಿಯ ಅಲ್ಲಪ್ಪಾ. ಚಿಕ್ಕೋರು."

ಒಳಗೆ ಲೋಟವೊಂದು ಉರುಳಿದ ಸದ್ದು. ಅಪ್ಪ ಬಾಗಿಲಿಗೆ ಬಂದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಮಗಳ ಕೈ ಎಲ್ಲಿದೆ ಎಂದೂ ನೋಡಿದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಚಿಕ್ಕೋರಾದ್ರೇನು," ಎಂದರು ಅಪ್ಪ, ತೋಳು ಮೇಲೇರಿಸುತ್ತ. "ಆ ಕಡೆ ಹಿಡ್ಕೊಳ್ಳಿ, ಇಬ್ಬರೂ ಸೇರಿ ಎತ್ತೋಣ."