ಯಾವೊರಿತ್ಸಾದಲ್ಲಿ ರೈಲು ನಿಲ್ಲುತ್ತದೆ

"ಸಿಗ್ನಲ್ ಬದಲಿಸು! ಇವತ್ತಿನಿಂದ ಇಲ್ಲಿ ಗಾಡಿ ನಿಲ್ಲೋ ಹಾಗಿಲ್ಲ ಅಂತ ಗೊತ್ತಿಲ್ವಾ ನಿಂಗೆ?"

ಎಂಜಿನ್ನಿನಿಂದ ಧುಮುಕಿದ ಡ್ರೈವರ್ ರಾಸಿಮ್ ಕಿರುಚಿದ.

ಯಾವೊರಿತ್ಸಾದ ಸ್ಟೇಷನ್ ಮಾಸ್ಟರ್ ಮುನೆವೆರಾ ತನ್ನ ಕೆಂಪು ಟೋಪಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಅವಳ ಬೆನ್ನಿಗೆ ಇಡೀ ಊರೇ ನಿಂತಿತ್ತು. ಬಿಯೆಲೊ ಪೋಲ್ಯೆ ಸಂತೆಗೆ ಚೀಸ್ ಒಯ್ಯುವ ಹೆಂಗಸರು, ಶಾಲೆಯ ಹುಡುಗಿಯರು, ಆಸ್ಪತ್ರೆಗೆ ಹೊರಟ ಮುದುಕರು.

"ಗೊತ್ತು. ಬೆಳಿಗ್ಗೆ ಮೇಲಿನವರ ಫೋನ್ ಬಂತು. ನಮ್ಮೂರಿಂದ ಲಾಭ ಇಲ್ಲವಂತೆ! ನಾನು ಒಪ್ಪಿಲ್ಲ."

"ನಿನ್ನ ಒಪ್ಪಿಗೆ ಯಾರು ಕೇಳಿದ್ರು?"

ಮುನೆವೆರಾ ಅವನನ್ನೇ ದಿಟ್ಟಿಸಿದಳು.

'ಹೌದು... ಯಾರೂ ಕೇಳಲಿಲ್ಲ. ಅವತ್ತು ನೀನೂ ಕೇಳಲಿಲ್ಲ!'

ಕಳೆದ ವಸಂತದಲ್ಲಿ ರಾಸಿಮ್ ತನ್ನ ದೊಡ್ಡಪ್ಪನೊಂದಿಗೆ ಹೆಣ್ಣು ಕೇಳಲು ಅವಳ ಮನೆಗೆ ಬಂದಿದ್ದ. ಕಾಫಿ ಕೊಟ್ಟವಳು ಮುನೆವೆರಾಳೇ. ಮೊದಲ ಗುಟುಕಿಗೇ ಅವನ ಮುಖ ಕಪ್ಪಿಟ್ಟಿತು. ಹೆಣ್ಣು ಕೇಳಲು ಬಂದವರಿಗೆ ಕೊಡುವ ಕಾಫಿ ಸಿಹಿಯಿದ್ದರೆ ಹುಡುಗಿ ಒಪ್ಪಿದಳು, ಕಹಿಯಿದ್ದರೆ ಬಂದ ದಾರಿ ಹಿಡಿಯಬೇಕು. ಲಿಮ್ ನದಿಯ ದಂಡೆಯ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾದವರು ಯಾರೂ ಇಲ್ಲ. ದೊಡ್ಡಪ್ಪ ಎದ್ದ. ಹಿಂದೆಯೇ ರಾಸಿಮ್ ಕೂಡ ಎದ್ದ.

ಅಂದಿನಿಂದ ಎಂಜಿನ್ನಿನ ಕಿಟಕಿಯಲ್ಲಿ ಅವನ ಮುಖ ಇತ್ತ ತಿರುಗಿದ್ದೇ ಇಲ್ಲ.

"ಹಳೇ ಸಿಟ್ಟು ಗಾಡಿ ಮೇಲೆ ತೀರಿಸ್ಕೋಬೇಡ," ಎಂದ ರಾಸಿಮ್. "ಕಹಿ ಕಾಫಿ ಕುಡಿಸಿ ಕಳಿಸಿದವಳು ನೀನೇ!"

"ಅಲ್ಲೀವರೆಗೂ ನೀನು ದಿನಾ ಕುಡೀತಿದ್ದದ್ದೇ ಕಹಿ ಕಾಫಿ! ಇದೇ ಸ್ಟೇಷನ್ನಲ್ಲಿ, ನನ್ನ ಕೈಯಿಂದಲೇ ಇಸ್ಕೊಂಡು!"

"ಅದು ದಿನದ ಮಾತು. ಅವತ್ತು ಸಂಬಂಧದ ಮಾತು!"

"ಅದಕ್ಕೇ ಬೇಕಂತ ಸಕ್ಕರೆ ಹಾಕ್ಲಿಲ್ಲ!" ಅವಳ ದನಿ ತಗ್ಗಲಿಲ್ಲ. "ರೈಲು ಬಿಡೋದೂ ಗೊತ್ತು, ತಡೆಯೋದೂ ಗೊತ್ತು ನಂಗೆ. ನನ್ನ ಮದುವೆ ಮಾತು ಮಾತ್ರ ಸಕ್ಕರೆ ಆಡಬೇಕಾ? ನಂಗೆ ಬಾಯಿಲ್ವಾ? 'ನೀನೇನಂತೀಯ ಮುನೆವೆರಾ' ಅಂತ ಒಂದು ಮಾತು ಕೇಳ್ತೀಯ ಅಂತ ಬಾಗಿಲಲ್ಲೇ ಕಾದು ನಿಂತಿದ್ದೆ ಕಣೋ... ನೀನು ಚಪ್ಪಲಿ ಮೆಟ್ಟಿದೆ!"



ಚೀಸ್ ಡಬ್ಬಿಯ ಮೇಲೆ ಕೂತಿದ್ದ ಹಜೀರಾ ಅಜ್ಜಿಗೆ ತಡೆಯಲಾಗಲಿಲ್ಲ. "ಅಯ್ಯೋ ದಡ್ಡ ಮುಂಡೇದೇ! ಬಾಯಿಬಿಟ್ಟು ಕೇಳೋಕೂ ಟಿಕೆಟ್ ತಗೋಬೇಕಿತ್ತಾ?"

ನಗು ಸಿಡಿಯಿತು. ರಾಸಿಮ್ ನಗಲಿಲ್ಲ. 'ನನ್ನ ಮಾನ ಹೋಯಿತೆಂದು ಇಷ್ಟು ದಿನ ಕುದಿದೆನಲ್ಲ... ಇವಳ ಮಾತಿಗೆ ನಾನು ಕೊಟ್ಟ ಬೆಲೆ ಏನು?'

ಒಳಗೆ ಫೋನ್ ಹೊಡೆದುಕೊಂಡಿತು. ಮುನೆವೆರಾ ಓಡಿ ಎತ್ತಿದಳು. ಬಾಗಿಲಾಚೆಗೂ ಕೇಳುವಂತೆ ಮೇಲಧಿಕಾರಿಯ ಅಬ್ಬರ: "ಈ ಕ್ಷಣ ಹಸಿರು ಕೊಡಮ್ಮಾ! ಇಲ್ಲಾಂದ್ರೆ ನಾಳೆ ಮನೇಲಿರ್ತೀಯ!"

"ಜನ ಹತ್ತಿದ ಮೇಲೆ ಕೊಡ್ತೀನಿ ಸಾರ್."

ರಿಸೀವರ್ ಮೇಲೆ ಇನ್ನೊಂದು ಕೈ ಬಿತ್ತು. ರಾಸಿಮ್‌ನ ಮಸಿ ಹತ್ತಿದ ಕೈ.

"ಡ್ರೈವರ್ ಮಾತಾಡ್ತಿರೋದು. ಈ ಊರವರನ್ನ ಒಂದು ಮಾತು ಕೇಳಿದ್ರಾ ನೀವು? ಇಲ್ಲ ತಾನೇ? ಹಾಗಾದ್ರೆ ಅವರು ಹತ್ತೋವರೆಗೂ ಗಾಡಿ ಕದಲಲ್ಲ. ಮನೆಗೆ ಕಳಿಸೋರ ಪಟ್ಟಿಗೆ ನನ್ನ ಹೆಸರೂ ಸೇರಿಸ್ಕೊಳ್ಳಿ."

ಫೋನ್ ಇಟ್ಟು ಹೊರಗೆ ಬಂದ. ಬೋಗಿಗಳ ಬಾಗಿಲುಗಳನ್ನು ತೆರೆಸಿದ. ಹಜೀರಾ ಅಜ್ಜಿಯ ಗಂಟನ್ನು ತಾನೇ ಮೇಲೇರಿಸಿದ. ಜನ ಕೂಗುತ್ತಾ, ನೂಕುತ್ತಾ, ಗೆದ್ದವರಂತೆ ಹತ್ತಿದರು.

ಕೊನೆಗೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಇಬ್ಬರೇ. ಕಿಟಕಿಗಳ ತುಂಬ ಕಣ್ಣುಗಳು!

"ಮುನೆವೆರಾ..." ಅವನು ಮಸಿ ಕೈಯನ್ನು ಒರೆಸಿಕೊಂಡ. "ಈಗ ಕೇಳ್ತಿದೀನಿ. ದೊಡ್ಡಪ್ಪ ಇಲ್ಲ, ಕಾಫಿಯೂ ಇಲ್ಲ. ನನ್ನ ಜೊತೆ ಬಾಳ್ತೀಯಾ? ನೀನೇನಂತೀಯ?"

"ಬಾಳ್ತೀನಿ. ಆದ್ರೆ ನನ್ನ ಕೇಳ್ದೆ ನನ್ನ ಬಗ್ಗೆ ಯಾವತ್ತೂ ಏನೂ ತೀರ್ಮಾನ ಮಾಡಬಾರದು."

"ಮಾಡಲ್ಲ."

ಅವಳ ಕಣ್ಣು ತುಂಬಿತು. ಅದನ್ನು ಒರೆಸಿಕೊಳ್ಳಲೂ ಅವಳಿಗೆ ನಾಚಿಕೆಯಾಗಲಿಲ್ಲ. ಹಸಿರು ತೋರಿಸಿದಳು.

ಎಂಜಿನ್ ಮೆಟ್ಟಿಲೇರಿದವನು ತಿರುಗಿ ಕೇಳಿದ, "ನಾಳೆ ನಿನ್ನ ಕೆಲಸ ಕಿತ್ಕೊಂಡ್ರೆ?"

"ಹಳಿ ಮೇಲೆ ಕೂರ್ತೀನಿ. ಊರೂ ಕೂರುತ್ತೆ."

"ನಿನ್ನ ಪಕ್ಕ ಜಾಗ ಇಟ್ಟಿರು."

"ತಡ ಮಾಡಬೇಡ ಮತ್ತೆ."

"ಇಲ್ಲ ಕಣೇ... ಇನ್ನು ಮಾಡಲ್ಲ."